ನಾಲ್ಕು ಮನೆಗೆ ಶೌಚಾಲಯ: ಕೈಯಲ್ಲಿರುವ ದುಡ್ಡು ಮೊದಲು ಎಲ್ಲಿಗೆ ಹಾಕಬೇಕು?

ಪಡುಬದಿ:
ನಮ್ಮೂರು ಉಡುಪಿಯಿಂದ ಸ್ವಲ್ಪ ಒಳಗೆ. ಕಳೆದ ವರ್ಷದ ಕೃಷ್ಣಾಷ್ಟಮಿಯ ಮೊಸರುಕುಡಿಕೆ ಖರ್ಚೆಲ್ಲ ಕಳೆದು ಯುವಕ ಮಂಡಲದ ಖಾತೆಯಲ್ಲಿ ಒಂದಿಷ್ಟು ದುಡ್ಡು ಉಳಿದಿದೆ. ಸುಮ್ನೆ ಇನ್ನೊಂದು ಶಾಮಿಯಾನಕ್ಕೆ, ಡಿಜೆಗೆ ಹಾಕುವುದು ಬೇಡ, 5 ಸೆಂಟ್ಸ್ ಕಾಲನಿಯಲ್ಲಿ (ಮನೆಗೆ ತಲಾ 5 ಸೆಂಟ್ಸ್ ಜಾಗ ಇರುವ ಕಡೆ) ಶೌಚಾಲಯ ಇಲ್ಲದ ನಾಲ್ಕು ಮನೆಗೆ ಏನಾದರೂ ಮಾಡುವ ಅಂತ ಮೀಟಿಂಗಿನಲ್ಲಿ ತೀರ್ಮಾನ ಆಯ್ತು.

ಇನ್ನೂ ಇಲ್ವಾ ಅಂತ ಕೇಳಬೇಡಿ. ಇಲ್ಲ. ಪಂಚಾಯತ್ ಗೋಡೆಯಲ್ಲಿ ಬಯಲು ಶೌಚ ಮುಕ್ತ ಅಂತ ಬರೆದೂ ಉಂಟು, ಬೆಳಕಾಗುವ ಮೊದಲು ಗುಡ್ಡೆಗೆ ಹೋಗುವ ಹೆಂಗಸರೂ ಇದ್ದಾರೆ.

ಒಂದು ಮನೆಯದ್ದು ನೋಡಿ ಬಂದೆ. ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ ಲಿಂಟಲ್ ತನಕ ಎದ್ದಿದೆ. ನೀಲಿ ಬಣ್ಣದ ತಗಡಿನ ಬಾಗಿಲೂ ಕೂತಿದೆ. ಒಳಗೆ ಪ್ಯಾನ್ ಇಲ್ಲ. ಅದು ಇರಬೇಕಾದ ಜಾಗದಲ್ಲಿ ತೆಂಗಿನ ಸಿಪ್ಪೆ, ಒಣ ಮಡಲು, ಒಂದು ಹರಿದ ಬಲೆ. ಹಿಂದೆ ಗುಂಡಿ ತೆಗೆಯಲು ಹೊರಟಿದ್ದಾರೆ, ಎರಡು ಅಡಿಗೆ ಪಾದೆ (ಬಂಡೆ) ಸಿಕ್ಕಿತಂತೆ, ಅಲ್ಲಿಗೆ ನಿಂತಿದೆ. ಗೋಡೆಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ಸರಕಾರದ ಹಣ ಬರಲು ಫೋಟೋ ಬೇಕು, ಫೋಟೋಕ್ಕೆ ಕೆಲಸ ಮುಗಿಯಬೇಕು, ಕೆಲಸ ಮುಗಿಸಲು ಹಣ ಬೇಕು.

ನಮ್ಮಲ್ಲಿ ಈಗ ಎರಡು ಪಂಗಡ. ಒಬ್ಬರು, ಎರಡು ಮನೆಗೆ ಪೂರ್ತಿ ಕಟ್ಟಿಕೊಡುವ ಅಂತ. ಇನ್ನೊಬ್ಬರು, ನಾಲ್ಕು ಮನೆಗೂ ಸಮ ಹಂಚುವ ಅಂತ. ಈ ಕೆಲಸ ಮಾಡಿ ಗೊತ್ತಿದ್ದವರು ಹೇಳಿ.

ಮಾಜಿ ಮೆಂಬರ್:
ಒಳ್ಳೆ ಕೆಲಸ. ನಾನು ಪಂಚಾಯತ್‌ನಲ್ಲಿ ಇದ್ದವ, ಹಾಗಾಗಿ ಕಾಗದದ ಕಡೆಯಿಂದ ಹೇಳುತ್ತೇನೆ.

ಶೌಚಾಲಯಕ್ಕೆ ಸರಕಾರದ ಈಗಿನ ಹಣ 12,000 ರೂಪಾಯಿ. ಇದು 2014ರ ಗಾಂಧಿ ಜಯಂತಿಯಂದು ಸ್ವಚ್ಛ ಭಾರತ ಶುರುವಾದಾಗ ಗೊತ್ತು ಮಾಡಿದ ಮೊತ್ತ. ಈಗ ಇದರಲ್ಲಿ ಕೇಂದ್ರದ್ದು 7,200, ರಾಜ್ಯದ್ದು 4,800. ಪರಿಶಿಷ್ಟರಿಗೆ ನಮ್ಮ ರಾಜ್ಯ ಇದರ ಮೇಲೆ ಸ್ವಲ್ಪ ಜಾಸ್ತಿ ಸೇರಿಸಿ ಕೊಡುತ್ತದೆ. ಎರಡನೇ ಹಂತ 2020ರಲ್ಲಿ ಬಂತು, ಆಗಲೂ ಮೊತ್ತ ಅದೇ 12,000. ಅಷ್ಟರಲ್ಲಿ ಸಿಮೆಂಟ್, ಕಲ್ಲು, ಮೇಸ್ತ್ರಿ ಕೂಲಿ ಎಲ್ಲಿಗೆ ಮುಟ್ಟಿತು ಅಂತ ನಿಮಗೇ ಗೊತ್ತು.

ಅದು ಕಟ್ಟಿಸಿಕೊಡುವ ಹಣ ಅಲ್ಲ. ಕಾಗದದಲ್ಲಿ ಅದಕ್ಕೆ ಪ್ರೋತ್ಸಾಹಧನ ಅಂತಲೇ ಹೆಸರು. ನೀವು ಕಟ್ಟಿ, ನಾವು ಬೆನ್ನು ತಟ್ಟುತ್ತೇವೆ ಅಂತ. ಕೈಯಲ್ಲಿ ದುಡ್ಡಿದ್ದವನಿಗೆ ಇದರಿಂದ ತೊಂದರೆ ಇಲ್ಲ, ಇಲ್ಲದವನು ನೀವು ಹೇಳಿದ ಹಾಗೆ ಲಿಂಟಲ್‌ಗೆ ನಿಲ್ಲುತ್ತಾನೆ.

ಯಾರಿಗೆ ಸಿಗುತ್ತದೆ: ಬಿಪಿಎಲ್‌ನವರಿಗೆ ಎಲ್ಲರಿಗೂ. ಎಪಿಎಲ್ ಆದರೂ ಪರಿಶಿಷ್ಟರು, ಸಣ್ಣ ಹಿಡುವಳಿಯವರು, ಮನೆ ಅಡಿ ಮಾತ್ರ ಇರುವ ಕೂಲಿಯವರು, ಅಂಗವಿಕಲರು, ಹೆಂಗಸೇ ಯಜಮಾನಿ ಆಗಿರುವ ಮನೆಗಳು. ಒಂದು ಮನೆಗೆ ಒಂದೇ ಸಲ.

ನೀವು ಒಂದು ಕಲ್ಲು ಇಳಿಸುವ ಮೊದಲು ಪಂಚಾಯತ್‌ಗೆ ಹೋಗಿ ಆ ನಾಲ್ಕು ಹೆಸರು ಪಟ್ಟಿಯಲ್ಲಿ ಹೇಗಿದೆ ನೋಡಿ. ಯಾವ ಮನೆಗೆ ಶೌಚಾಲಯ ಇಲ್ಲ ಅಂತ ಮಾಡಿದ 2012ರ ಸರ್ವೆಯೇ ಆಗ ಆಧಾರ. ಅಪ್ಪನ ಮನೆಗೆ ಶೌಚಾಲಯ ಇದ್ದರೆ, ಮಗ ಬೇರೆ ಒಲೆ ಹೂಡಿ ಕಾಲನಿಗೆ ಬಂದಿದ್ದರೂ ರೇಷನ್ ಕಾರ್ಡ್ ಬೇರೆ ಆಗದಿದ್ದರೆ "ಇವರಿಗೆ ಉಂಟು" ಅಂತಲೇ ಲೆಕ್ಕ. ಕಾರ್ಡ್ ಬೇರೆ ಮಾಡಿಸುವುದು ಕಟ್ಟುವ ಕೆಲಸಕ್ಕಿಂತ ಮೊದಲಿನ ಕೆಲಸ.

ಬೆಂಗಳೂರಲ್ಲಿ ಮೂಡುಬಿದಿರೆ:
ಇಷ್ಟೆಲ್ಲ ತಲೆಬಿಸಿ ಯಾಕೆ? ಈಗ ರೆಡಿಮೇಡ್ ಫೈಬರ್ ಶೌಚಾಲಯ ಸಿಗುತ್ತದೆ. ಲಾರಿಯಲ್ಲಿ ತಂದು ಇಟ್ಟರೆ ಆಯ್ತು. ಆಫೀಸಿನಲ್ಲಿ ಕೇಳಿ ನಾನೇ ಎರಡು ಕೊಡಿಸುತ್ತೇನೆ.

ಮೇಸ್ತ್ರಿ ಬೆಳ್ಮಣ್:
ಇಟ್ಟ ಮೇಲೆ ಅದರ ಕೆಳಗೆ ಎಂತ ಇರುತ್ತದೆ ಅಣ್ಣ?

ಬೆಂಗಳೂರಲ್ಲಿ ಮೂಡುಬಿದಿರೆ:
ಗುಂಡಿ. ಅದು ಅವರು ಮಾಡಿಕೊಳ್ಳಬೇಕು.

ಮೇಸ್ತ್ರಿ ಬೆಳ್ಮಣ್:
ಅದೇ ಅವರಿಂದ ಆಗದ ಕೆಲಸ. ಗೋಡೆ ಇವತ್ತು ಮಡಲಿನದ್ದಾದರೂ ನಾಳೆ ಕಲ್ಲಿನದ್ದು ಮಾಡಬಹುದು. ಗುಂಡಿ ಒಮ್ಮೆ ಕೆಟ್ಟರೆ ಕೆಟ್ಟ ಹಾಗೆಯೇ. ಇವತ್ತು ಕೆಲಸ ಉಂಟು, ರಾತ್ರಿ ಬರೆಯುತ್ತೇನೆ.

ಸಂಘದಕ್ಕ:
ನಾನು ಬಂಟ್ವಾಳ ತಾಲೂಕಿನವಳು, ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತೇನೆ. ನಮ್ಮ ಎರಡು ಜಿಲ್ಲೆಯಲ್ಲಿ ಸಂಘ ಇಲ್ಲದ ಊರಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಿಂದ ಉಂಟು, ಆಮೇಲೆ ನವೋದಯ, ಸ್ತ್ರೀಶಕ್ತಿ, ಈಗ ಸಂಜೀವಿನಿ. ಹಾಗಾಗಿ ಸಾಲ ಸಿಗುವುದು ಕಷ್ಟ ಅಲ್ಲ. ಆ ನಾಲ್ಕು ಮನೆಯ ಹೆಂಗಸರ ಮೇಲೆ ಈಗಾಗಲೇ ಎಷ್ಟು ಕಂತು ಉಂಟು ಅಂತ ಕೇಳಿ ನೋಡಿ. ಅಲ್ಲಿ ಒಂದು ವಾರದ ಕಂತು, ಇಲ್ಲಿ ಒಂದು, ಮಧ್ಯೆ ಚಿನ್ನ ಅಡವು. ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟು ಬಂದ ದುಡ್ಡು ಮನೆ ಬಾಗಿಲಿಗೆ ಬರುವ ಮೊದಲೇ ಹಂಚಿ ಹೋಗಿರುತ್ತದೆ. ಅದರ ಮೇಲೆ ಶೌಚಾಲಯದ ಸಾಲ ಅಂತ ಇನ್ನೊಂದು ಹಾಕಬೇಡಿ ದಯವಿಟ್ಟು.

ನಿಮ್ಮ ಮಂಡಲದ ದುಡ್ಡು ಬಡ್ಡಿ ಇಲ್ಲದ ಕೈಗಡವಾಗಿ ಹೋಗಲಿ. ಪ್ರೋತ್ಸಾಹಧನ ಬಂದ ಮೇಲೆ ಅವರು ಕೊಡಲಿ, ಅದನ್ನು ಮುಂದಿನ ಮನೆಗೆ ಹಾಕಿ. ಎರಡು ಮನೆಗೆ ಪೂರ್ತಿ ಕೊಟ್ಟರೆ ಅಲ್ಲಿಗೆ ಖಾಲಿ, ಇದಾದರೆ ಇನ್ನೂ ನಾಲ್ಕಕ್ಕೆ ತಿರುಗುತ್ತದೆ. ಯುವಕ ಮಂಡಲದವರಿಗೆ ವಸೂಲಿ ಮಾಡಲು ನಾಚಿಕೆ ಆಗಬಹುದು, ಅದನ್ನು ಅಲ್ಲಿನ ಸಂಘದ ಹೆಂಗಸರಿಗೆ ಬಿಡಿ.

ಇನ್ನೊಂದು ವಿಷಯ. ಗಂಡಸರು ಕೂತು ಪ್ಲಾನ್ ಹಾಕಿದರೆ ಮೂರು ಅಡಿ, ನಾಲ್ಕು ಅಡಿ ಪೆಟ್ಟಿಗೆ ಹಾಕುತ್ತಾರೆ. ಹೆಂಗಸರನ್ನು ಕೇಳಿ, ಮೊದಲು ಬಚ್ಚಲು ಅಂತಾರೆ. ತೆಂಗಿನ ಗರಿ ಅಡ್ಡ ಕಟ್ಟಿ ಸೀರೆ ಉಟ್ಟುಕೊಂಡೇ ಮೀಯುವುದು, ತಿಂಗಳ ದಿನಗಳಲ್ಲಿ ಬಟ್ಟೆ ಒಗೆಯಲು ಜಾಗ ಇಲ್ಲದ್ದು, ಇದು ಅವರಿಗೆ ದಿನಾ ಇರುವ ಕಷ್ಟ. ಒಂದು ಗೋಡೆ ಹಂಚಿಕೊಂಡು ಬಚ್ಚಲೂ ಬಂದರೆ ಆ ಕಟ್ಟಡವನ್ನು ಸಿಪ್ಪೆ ಇಡಲು ಯಾರೂ ಬಳಸುವುದಿಲ್ಲ.

ಬೆಂಗಳೂರಲ್ಲಿ ಮೂಡುಬಿದಿರೆ:
ಬಚ್ಚಲಿನ ವಿಷಯ ನನಗೆ ಹೊಳೆದಿರಲಿಲ್ಲ ಅಕ್ಕ. ಒಳ್ಳೆ ಮಾತು.

ಮೇಸ್ತ್ರಿ ಬೆಳ್ಮಣ್:
ಕೂತೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಸರಕಾರ ಹೇಳುವುದು ಎರಡು ಗುಂಡಿಯ ಶೌಚಾಲಯ. ಊರಲ್ಲಿ ಯಾರಿಗೂ ಇದರ ಮೇಲೆ ನಂಬಿಕೆ ಇಲ್ಲ, "ಇಷ್ಟು ಸಣ್ಣ ಗುಂಡಿಯಾ?" ಅಂತ ನಗಾಡುತ್ತಾರೆ. ಒಂದು ಮೀಟರ್ ಅಗಲ, ಒಂದು ಮೀಟರ್ ಆಳ. ಐದು ಜನರ ಮನೆಗೆ ಇಂಥ ಒಂದು ಗುಂಡಿ ಸುಮಾರು ಮೂರು ವರ್ಷ ಬರುತ್ತದೆ. ಎರಡರ ಮಧ್ಯೆ ಕನಿಷ್ಠ ಒಂದು ಮೀಟರ್ ಜಾಗ. ಪ್ಯಾನಿನಿಂದ ಬರುವ ಪೈಪು ಒಂದು ಸಣ್ಣ ಚೇಂಬರಿಗೆ ಬಂದು ವೈ ಅಕ್ಷರದ ಹಾಗೆ ಕವಲೊಡೆಯುತ್ತದೆ. ಒಂದು ಕವಲನ್ನು ಇಟ್ಟಿಗೆ ತುಂಡು ಇಟ್ಟು ಮುಚ್ಚಿರುವುದು. ಮೊದಲನೆಯದು ತುಂಬಿದಾಗ ಚೇಂಬರಿನ ಮುಚ್ಚಳ ತೆಗೆದು ಇಟ್ಟಿಗೆಯನ್ನು ಈಚೆಗೆ ಹಾಕಿದರೆ ಆಯ್ತು. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಮುಟ್ಟಬಾರದು. ಆಮೇಲೆ ತೆಗೆದರೆ ಅದು ಮಣ್ಣು, ವಾಸನೆ ಇಲ್ಲ, ತೆಂಗಿನ ಬುಡಕ್ಕೆ ಹಾಕಬಹುದು.

ಗುಂಡಿಯ ತಳಕ್ಕೆ ಕಾಂಕ್ರೀಟ್ ಹಾಕುವುದಿಲ್ಲ. ಬದಿಗೆ ತೂತಿನ ಸಿಮೆಂಟ್ ರಿಂಗ್, ಇಲ್ಲವಾದರೆ ಮುರಕಲ್ಲು ಕಟ್ಟುವಾಗ ನಿಂತ ಸಂದುಗಳಿಗೆ ಸಿಮೆಂಟ್ ತುಂಬದೆ ಬಿಡುವುದು. ನೀರು, ಗ್ಯಾಸ್ ಎರಡನ್ನೂ ಮಣ್ಣು ಎಳೆದುಕೊಳ್ಳುತ್ತದೆ, ಹಾಗಾಗಿ ಗಾಳಿ ಪೈಪು ಕೂಡ ಬೇಡ. ಬಚ್ಚಲಿನ ನೀರು ಮಾತ್ರ ಈ ಗುಂಡಿಗೆ ಬಿಡಲೇಬಾರದು. ಸಂಘದಕ್ಕ ಹೇಳಿದ ಬಚ್ಚಲು ಬೇಕೇ ಬೇಕು, ಆದರೆ ಅದರ ನೀರು ಬಾಳೆ ಬುಡಕ್ಕೋ ಬೇರೆ ಇಂಗುಗುಂಡಿಗೋ ಹೋಗಬೇಕು.

ಪ್ಯಾನ್ ತರುವಾಗ ಅಂಗಡಿಯಲ್ಲಿ ಕೇಳಿ ರೂರಲ್ ಪ್ಯಾನ್ ತನ್ನಿ. ಅದರ ಇಳಿಜಾರು ಜಾಸ್ತಿ, ಎರಡು ಲೀಟರ್ ಹೊಯ್ದರೆ ಹೋಗುತ್ತದೆ. ಪೇಟೆಯ ಪ್ಯಾನ್ ಚಪ್ಪಟೆ, ಬಕೆಟ್‌ಗಟ್ಟಲೆ ನೀರು ಬೇಕು. ಏಪ್ರಿಲ್ ಮೇಯಲ್ಲಿ ಬಾವಿ ತಳ ಕಂಡಾಗ ಯಾರು ಬಕೆಟ್ ಹೊಯ್ಯುತ್ತಾರೆ? ಕಾಲನಿಗಳಲ್ಲಿ ಶೌಚಾಲಯ ಇದ್ದೂ ಬೇಸಗೆಯಲ್ಲಿ ಗುಡ್ಡೆಗೆ ಹೋಗುವುದಕ್ಕೆ ಇದೂ ಒಂದು ಕಾರಣ.

ದುಡ್ಡಿನ ಮಾತು. ಜಾಗ ಸರಿ ಇದ್ದರೆ ಎರಡು ಗುಂಡಿ, ರಿಂಗು, ಮುಚ್ಚಳ, ಚೇಂಬರು, ಪೈಪು, ಪ್ಯಾನ್ ಕೂರಿಸುವುದು, ಇಷ್ಟು ನನ್ನ ಅಂದಾಜಿನಲ್ಲಿ 12 ಸಾವಿರದ ಆಚೀಚೆ ಮುಗಿಯುತ್ತದೆ. ದುಡ್ಡು ತಿನ್ನುವುದು ಗೋಡೆ, ಬಾಗಿಲು, ಟೈಲ್ಸ್, ಮೇಲಿನ ಸ್ಲ್ಯಾಬ್. ಜನ ಮೊದಲು ಅದನ್ನು ಮಾಡಿ ಕೊನೆಗೆ ಉಳಿದದ್ದರಲ್ಲಿ ಗುಂಡಿ ತೋಡುತ್ತಾರೆ. ನೀವು ಉಲ್ಟಾ ಮಾಡಿ. ಮಂಡಲದ ದುಡ್ಡು ನೆಲದಡಿಗೆ, ಪ್ಯಾನಿಗೆ. ಗೋಡೆ ಅವರವರ ಶಕ್ತಿ. ಶೀಟು ಹಾಕಿದರೂ ನಡೆಯುತ್ತದೆ.

ಕುಂದಾಪ್ರದವ:
ಮೇಸ್ತ್ರಿಯವರೆ, ನಿಮ್ಮದೆಲ್ಲ ಪುಸ್ತಕದ ಲೆಕ್ಕ ಅಲ್ವಾ? ನಮ್ಮ ಮನೆಯದ್ದು 12 ಅಡಿ ಒಂದೇ ಗುಂಡಿ. ಅಪ್ಪಯ್ಯ ಮಾಡಿಸಿದ್ದು. ಇವತ್ತಿಗೂ ತುಂಬಿಲ್ಲ.

ಮೇಸ್ತ್ರಿ ಬೆಳ್ಮಣ್:
ಬಾವಿ ಎಷ್ಟು ದೂರ?

ಕುಂದಾಪ್ರದವ:
ಅಂಗಳದ ಆಚೆ ಬದಿ. ಯಾಕೆ?

ಮೇಸ್ತ್ರಿ ಬೆಳ್ಮಣ್:
ಇಷ್ಟು ವರ್ಷದ್ದು ತುಂಬಿಲ್ಲ ಅಂದರೆ ಎಲ್ಲಿಗೆ ಹೋಯ್ತು ಅಂತ ನೀವೇ ಲೆಕ್ಕ ಹಾಕಿ ಮಾರಾಯ್ರೆ.

ಕುಂದಾಪ್ರದವ:
ಹೆದರಿಸಬೇಡಿ. ನೀರು ಟೆಸ್ಟ್ ಮಾಡಿಸಬೇಕಾ ಈಗ?

ಬಾವಿಕಟ್ಟೆ:
ಮಾಡಿಸಿ. ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ. ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) ಉಂಟಾ ನೋಡಲು ಹೇಳಿ. ಅಲ್ಲಿ ತನಕ ಕುದಿಸಿ ಕುಡಿಯಿರಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಘಟ್ಟದ ಮೇಲಿನವರಿಗೆ ಸರಿ ಹೊಂದುವ ಗುಂಡಿ ನಮಗೆ ಹಾಗೆಯೇ ಹೊಂದುವುದಿಲ್ಲ. ನಮ್ಮಲ್ಲಿ ಮನೆಗೊಂದು ಬಾವಿ. 5 ಸೆಂಟ್ಸ್‌ನಲ್ಲಿ ಮನೆ, ಬಾವಿ, ಗುಂಡಿ ಮೂರೂ ಆಗಬೇಕು. ನಿಮ್ಮ ಬಾವಿ ದೂರ ಇದ್ದರೂ ನೆರೆಮನೆಯ ಬಾವಿ ನಿಮ್ಮ ಗುಂಡಿಯ ಬೆನ್ನಿಗೇ ಇರುತ್ತದೆ. ನಾಲ್ಕು ಮನೆ ಅಂತ ನಾಲ್ಕು ಪ್ಲಾನ್ ಹಾಕಬೇಡಿ, ಕಾಲನಿಯ ಎಲ್ಲ ಬಾವಿ ಗುರುತು ಮಾಡಿ ಒಂದೇ ಹಾಳೆಯಲ್ಲಿ ಬರೆಯಿರಿ.

ಲೆಕ್ಕ ಹೀಗೆ. ಗುಂಡಿಯ ತಳದಿಂದ ಅಂತರ್ಜಲ ವರ್ಷವಿಡೀ ಎರಡು ಮೀಟರಿಗಿಂತ ಕೆಳಗೇ ಇದ್ದು, ಮಣ್ಣಿನ ಕಣ ಸಣ್ಣದಾಗಿದ್ದರೆ ಬಾವಿಗೆ ಮೂರು ಮೀಟರ್ ಅಂತರ ಸಾಕು. ನೀರು ಅದಕ್ಕಿಂತ ಮೇಲೆ ಬರುತ್ತದೆ ಅಂತಾದರೆ ಹತ್ತು ಮೀಟರ್ ಬೇಕು. ಮುರಕಲ್ಲಿನಲ್ಲಿ ಸಂದು, ತೂತು ಜಾಸ್ತಿ. ನೀರು ಸೋಸದೆ ಓಡುತ್ತದೆ, ಎಲ್ಲಿಗೆ ಓಡುತ್ತದೆ ಅಂತ ಹೇಳಲು ಆಗುವುದಿಲ್ಲ. ಅದರ ಅಡಿಯ ಶೇಡಿ ಮಣ್ಣಿನದ್ದು (ಜೇಡಿಯಂಥ ಮಣ್ಣು) ಇನ್ನೊಂದು ಕಥೆ, ಅಲ್ಲಿ ನೀರು ಇಂಗುವುದೇ ನಿಧಾನ, ಮಳೆಗಾಲದಲ್ಲಿ ಪ್ಯಾನಿಗೇ ವಾಪಸ್ ಬರುತ್ತದೆ. ಕಾಪು, ಹೆಜಮಾಡಿ, ಸಸಿಹಿತ್ಲು ಕಡೆಯ ಹೊಯ್ಗೆ (ಮರಳು) ಭೂಮಿಯಲ್ಲಿ ತೋಡಿದರೆ ಸಾಕು ನೀರು. ಇಂಥ ಊರಲ್ಲಿ 12 ಅಡಿ ಗುಂಡಿ ಅಂದರೆ ನೇರ ಬಾವಿ ನೀರಿಗೇ ಪೈಪು ಬಿಟ್ಟ ಹಾಗೆ.

ದೊಡ್ಡ ಗುಂಡಿ ಅಂದರೆ ಗಟ್ಟಿ ಕೆಲಸ ಅಂತ ನಮ್ಮ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಕರಾವಳಿಯಲ್ಲಿ ಗುಂಡಿ ಆಳ ಆದಷ್ಟೂ ಕೆಟ್ಟದ್ದು. ಇದನ್ನು ಪಂಚಾಯತ್‌ನವರೂ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಹೇಳುವುದಿಲ್ಲ.

ಪಡುಬದಿ:
ಪಾದೆ ಸಿಕ್ಕಿದ ಮನೆಗೆ ಏನು ಮಾಡುವುದು? ಕಲ್ಲು ಒಡೆಯುವ ಬ್ರೇಕರ್ ತರಿಸುವ ಅಂತ ಇದ್ದೆವು.

ಮೇಸ್ತ್ರಿ ಬೆಳ್ಮಣ್:
ಬ್ರೇಕರ್ ಬಾಡಿಗೆಗೆ ಹಾಕುವ ದುಡ್ಡಿನಲ್ಲಿ ಗುಂಡಿಯನ್ನು ಮೇಲೆ ಎತ್ತಿ. ಅರ್ಧ ರಿಂಗ್ ನೆಲದೊಳಗೆ, ಅರ್ಧ ಮೇಲೆ, ಸುತ್ತ ಮಣ್ಣು ದಿಬ್ಬ ಹಾಕಿ ಗಟ್ಟಿ ಮಾಡುವುದು. ರಿಂಗಿನ ಬಾಯಿ ಮಳೆನೀರು ನಿಲ್ಲುವ ಮಟ್ಟಕ್ಕಿಂತ ಒಂದು ಅಡಿ ಮೇಲೆ ಇರಲಿ. ಬಾವಿ ಹತ್ತಿರ ಉಂಟು, ನೀರು ಮೇಲೆ ಉಂಟು, ಬಿಡಲು ಹತ್ತು ಮೀಟರ್ ಜಾಗ ಇಲ್ಲ ಅಂತಾದರೆ ತಳ ಬಂದ್ ಮಾಡಿ ರಿಂಗಿನ ಸುತ್ತ ಅರ್ಧ ಮೀಟರ್ ದಪ್ಪಕ್ಕೆ ಸಣ್ಣ ಹೊಯ್ಗೆ ತುಂಬಬೇಕು. ಆ ಹೊಯ್ಗೆಯೇ ಸೋಸುವುದು. ಖರ್ಚು ಸ್ವಲ್ಪ ಜಾಸ್ತಿ, ಆದರೆ ನೆರೆಮನೆಯವರ ಜೊತೆ ಜಗಳ ಇಲ್ಲ.

ಶೌಚಾಲಯದ ನೆಲವೂ ಮೇಲೆ ಹೋಗುತ್ತದೆ, ಮೆಟ್ಟಿಲು ಬರುತ್ತದೆ. ವಯಸ್ಸಾದವರು ಇದ್ದರೆ ಮೆಟ್ಟಿಲಿನ ಬದಲು ಇಳಿಜಾರು, ಗೋಡೆಗೊಂದು ಹಿಡಿ ಪೈಪು.

ಹಕ್ಕುಪತ್ರ:
ಎಲ್ಲರೂ ಗುಂಡಿ, ರಿಂಗ್ ಅಂತ ಮಾತಾಡುತ್ತಿದ್ದೀರಿ. ಎರಡು ಮಾತು ನನ್ನದೂ ಇರಲಿ.

ಒಂದು, ಜಾಗ. ನಾನು ಹೋಗಿಬರುವ ಕಡೆ ಶೌಚಾಲಯ ಇಲ್ಲದ ಮನೆಗಳಲ್ಲಿ ಸುಮಾರು ಮನೆಗೆ ಅಡಿಸ್ಥಳವೇ ಅವರ ಹೆಸರಿನಲ್ಲಿಲ್ಲ. ಸರಕಾರಿ ಜಾಗದಲ್ಲಿ ಕೂತವರದ್ದು ಮನೆ ಅಡಿ ಸಕ್ರಮ ಮಾಡಿಸುವ 94ಸಿ ಅರ್ಜಿ ಎಲ್ಲೋ ಕಡತದಲ್ಲಿ ಮಲಗಿದೆ. ಖಾಸಗಿಯವರ ಜಾಗದ ಬದಿಯಲ್ಲಿ ಇರುವವರಿಗೆ ಧಣಿಗಳು ಗುಡಿಸಲು ಹಾಕಲು ಬಿಡುತ್ತಾರೆ, ಕಲ್ಲು ಕಟ್ಟಲು ಬಿಡುವುದಿಲ್ಲ, ನಾಳೆ ಹಕ್ಕು ಕೇಳಿದರೆ ಅಂತ. ಪಡುಬದಿಯವರ ಕಾಲನಿಯಲ್ಲಿ ಹಕ್ಕುಪತ್ರ ಇದ್ದರೆ ಅವರ ಪುಣ್ಯ. ಇಲ್ಲದಿದ್ದರೆ ಮಂಡಲದವರು ತಾಲೂಕು ಕಚೇರಿಗೂ ಒಂದು ಬೈಕ್ ಬಿಡಿ.

ಕೊರಗ ಮನೆಗಳು ಇದ್ದರೆ ಐಟಿಡಿಪಿ (ಬುಡಕಟ್ಟು ಅಭಿವೃದ್ಧಿ) ಆಫೀಸಿನಲ್ಲಿ ವಿಚಾರಿಸಿ. ಕರ್ನಾಟಕದಲ್ಲಿ ತೀರಾ ಹಿಂದುಳಿದ ಬುಡಕಟ್ಟು ಅಂತ ಗುರುತಿಸಿದ್ದು ಎರಡೇ, ಕೊರಗರು ಮತ್ತು ಜೇನುಕುರುಬರು. 2023ರ ನವೆಂಬರಿನಲ್ಲಿ ಇಂಥ ಬುಡಕಟ್ಟುಗಳಿಗಾಗಿ ಶುರುವಾದ ಕೇಂದ್ರದ ಯೋಜನೆ ಪಿಎಂ ಜನ್‌ಮನ್‌ನಲ್ಲಿ ಅವರ ಮನೆಗೆ 2 ಲಕ್ಷ, ಶೌಚಾಲಯಕ್ಕೆ 12,000 ಪ್ರತ್ಯೇಕ. ಮನೆಯೇ ಹೊಸದಾಗಿ ಬರುವುದಿದ್ದರೆ ನೀವು ಹಳೆ ಗುಡಿಸಲಿನ ಹಿಂದೆ ಈಗ ಗುಂಡಿ ಹಾಕಿ ಆಮೇಲೆ ಅದು ಅಡಿಪಾಯಕ್ಕೆ ಅಡ್ಡ ಬಂದರೆ ದಂಡ.

ಎರಡು, ಗುಂಡಿ ತುಂಬಿದ ಮೇಲೆ. ಮೇಸ್ತ್ರಿಯಣ್ಣ ತೆಂಗಿನ ಬುಡಕ್ಕೆ ಅಂತ ಸುಲಭದಲ್ಲಿ ಹೇಳಿದರು. ಆದರೆ ತುಂಬಿದ ದಿನ ಊರವರಿಗೆ ಯಾವ ಮನೆಯವರ ನೆನಪಾಗುತ್ತದೆ ಅಂತ ನನಗೆ ಗೊತ್ತುಂಟು, ನಿಮಗೂ ಗೊತ್ತುಂಟು. 2013ರ ಕಾಯ್ದೆ ಪ್ರಕಾರ ಕೊಳೆಯದ ಮಲವನ್ನು ಮನುಷ್ಯರ ಕೈಯಲ್ಲಿ ತೆಗೆಸುವುದು ಅಪರಾಧ. ಎಷ್ಟು ದುಡ್ಡು ಕೊಟ್ಟರೂ ಅಪರಾಧವೇ. ಎರಡು ಗುಂಡಿ ಬೇಕು ಅಂತ ನಾನು ಹಠ ಹಿಡಿಯುವುದು ಬಾವಿಗಾಗಿ ಮಾತ್ರ ಅಲ್ಲ, ಇದಕ್ಕಾಗಿ. ಎರಡು ವರ್ಷ ಮುಚ್ಚಿಟ್ಟದ್ದನ್ನು ಮನೆಯವನೇ ಹಾರೆ ಹಿಡಿದು ತೆಗೆಯಬಹುದು. 2017ರಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಕೇಂದ್ರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತಾವೇ ಗುಂಡಿಗಿಳಿದು ಗೊಬ್ಬರ ತೆಗೆದು ತೋರಿಸಿದ್ದರು. ದೊಡ್ಡ ಆಫೀಸರ್ ಇಳಿಯಬಹುದಾದರೆ ನಮ್ಮೂರ ಯಜಮಾನರೂ ಇಳಿಯಬಹುದು.

ಸಂಘದಕ್ಕ:
ಇದನ್ನು ಮಂಡಲದವರು ಕಟ್ಟುವ ಮೊದಲೇ ಮನೆಯವರ ಹತ್ತಿರ ಮಾತಾಡಿ ಇಡಬೇಕು. ಯಾರು ಇಟ್ಟಿಗೆ ಬದಲಿಸುವುದು, ಯಾರು ತೆಗೆಯುವುದು ಅಂತ. ಚೇಂಬರಿನ ಮುಚ್ಚಳಕ್ಕೆ ಸಿಮೆಂಟ್ ಬಳಿದು ಬಂದ್ ಮಾಡಿದ್ದು ನಾನೇ ನೋಡಿದ್ದೇನೆ. ಆಮೇಲೆ ಎರಡನೇ ಗುಂಡಿ ಇದ್ದೂ ಲೆಕ್ಕಕ್ಕಿಲ್ಲ.

ಕುಂದಾಪ್ರದವ:
ನೀರಿನ ಸ್ಯಾಂಪಲ್ ಕೊಟ್ಟು ಬಂದೆ. ಅಮ್ಮ ನನ್ನ ಮೇಲೆ ಸಿಟ್ಟಾಗಿದ್ದಾರೆ, ಇಷ್ಟು ವರ್ಷ ಕುಡಿದ ನೀರಿಗೆ ಈಗ ಎಂತ ಆಯ್ತು ಅಂತ.

ಪಡುಬದಿ:
ನಿನ್ನೆ ಮೀಟಿಂಗ್ ಆಯ್ತು. ಇಲ್ಲಿ ಬಂದದ್ದನ್ನೆಲ್ಲ ಓದಿ ಹೇಳಿದೆ. ನಾಲ್ಕು ಮನೆಯ ಹೆಂಗಸರನ್ನೂ ಕರೆದಿದ್ದೆವು, ಬಚ್ಚಲಿನ ಮಾತು ಎತ್ತಿದ್ದೇ ತಡ, ಅಲ್ಲಿ ತನಕ ಸುಮ್ಮನೆ ಕೂತವರು ಎಲ್ಲರೂ ಒಟ್ಟಿಗೆ ಮಾತಾಡಿದರು.

ತೀರ್ಮಾನ ಆದದ್ದು: ಗುಂಡಿ, ರಿಂಗ್, ಚೇಂಬರ್, ಪ್ಯಾನ್ ಮಂಡಲದ್ದು. ಬಚ್ಚಲಿನ ಇಂಗುಗುಂಡಿ ತೋಡಲು ನಮ್ಮ ಹುಡುಗರು ಭಾನುವಾರ ಶ್ರಮದಾನ. ಗೋಡೆ, ಬಾಗಿಲು ಮನೆಯವರದ್ದು. ಪ್ರೋತ್ಸಾಹಧನ ಬಂದರೆ ಅರ್ಧ ವಾಪಸ್, ಉಳಿದರ್ಧ ಅವರ ಗೋಡೆ ಸಾಲಕ್ಕೆ ಹೋಗಲಿ. ಬರದಿದ್ದರೆ ಕೇಳುವುದಿಲ್ಲ. ಇದಕ್ಕೆ ಖಜಾಂಚಿ ಒಪ್ಪಿಲ್ಲ, ಉಳಿದವರು ಒಪ್ಪಿದ್ದಾರೆ. ಒಂದು ಮನೆಯವರ ರೇಷನ್ ಕಾರ್ಡ್ ಇನ್ನೂ ಅಪ್ಪನ ಮನೆಯದ್ದರಲ್ಲೇ ಉಂಟು, ಮಾಜಿ ಮೆಂಬರ್ ಹೇಳಿದ ಹಾಗೇ ಆಯ್ತು. ಅದನ್ನು ಮೊದಲು ಮಾಡಿಸುತ್ತಿದ್ದೇವೆ.

ಬಾವಿಗಳ ಹಾಳೆಯೂ ತಯಾರು. ಈಗ ಅಳತೆ ತೆಗೆದಾಗ ಎಲ್ಲ ಕಡೆ ನೀರು ಬಹಳ ಕೆಳಗೆ ಉಂಟು. ಮೂರು ಮೀಟರ್ ಲೆಕ್ಕದಲ್ಲೇ ಹೋಗಬಹುದಲ್ವಾ?

ಬಾವಿಕಟ್ಟೆ:
ಬೇಡ. ಈಗ ಬೇಸಗೆ. ಆಟಿ ತಿಂಗಳಲ್ಲಿ, ಜೋರು ಮಳೆಯ ಹೊತ್ತಿಗೆ, ನೀರು ಎಲ್ಲಿ ತನಕ ಬರುತ್ತದೆ ಅಂತ ಮನೆಯವರನ್ನು ಕೇಳಿ ಅಲ್ಲಿಂದ ಅಳತೆ ಮಾಡಿ. ಬಾವಿಯ ಒಳಗಿನ ಕಲ್ಲಿನಲ್ಲಿ ಪಾಚಿಯ ಗೆರೆಯೂ ಕಾಣುತ್ತದೆ.

ಪಡುಬದಿ:
ಕೇಳಿದೆವು. ಮೂರು ಮನೆಯ ಹತ್ತಿರ ಆಟಿಯಲ್ಲೂ ನೀರು ಆಳದಲ್ಲೇ ಇರುತ್ತದಂತೆ, ಅಂತರವೂ ಉಂಟು. ಪಾದೆಯ ಮನೆಗೆ ದಿಬ್ಬದ ಗುಂಡಿ ಸಾಕು. ನಾಲ್ಕನೆಯದು ಗದ್ದೆ ಬದಿಯ ಮನೆ. ಅಲ್ಲಿನ ಅಜ್ಜಿ ಹೇಳುತ್ತಾರೆ, ಆಟಿಯಲ್ಲಿ ಹಗ್ಗವೇ ಬೇಡ, ಬಗ್ಗಿ ಕೊಡಪಾನದಲ್ಲಿ ನೀರು ತೆಗೆಯುವುದು ಅಂತ. ಬಾವಿಗೆ ಹತ್ತು ಮೀಟರ್ ಸಿಗುವುದೂ ಇಲ್ಲ. ಅಲ್ಲಿಗೆ ತಳ ಬಂದ್ ಮಾಡಿ ಹೊಯ್ಗೆ ತುಂಬುವುದೇ ದಾರಿ. ಆದರೆ ಹೊಯ್ಗೆ ರೇಟು ಕೇಳಿ ತಲೆ ತಿರುಗಿತು. ಕಡಲ ಬದಿಯಿಂದ ನಾಲ್ಕು ಗೋಣಿ ತಂದರೆ ಆಗುತ್ತದಾ?

ಮೇಸ್ತ್ರಿ ಬೆಳ್ಮಣ್:
ಅಲ್ಲಿಂದ ತರಬೇಡಿ, ಕೇಸು ಆಗುತ್ತದೆ, ನಾಲ್ಕು ಗೋಣಿಯಲ್ಲಿ ಮುಗಿಯುವುದೂ ಇಲ್ಲ. ಪ್ಲಾಸ್ಟರಿಗೆ ಗಾಳಿಸಿದ ಸಣ್ಣ ಹೊಯ್ಗೆ ನನ್ನ ಒಂದು ಸೈಟಿನಲ್ಲಿ ಉಳಿದಿದೆ. ಮನೆಯವರ ಹತ್ತಿರ ಮಾತಾಡಿದ್ದೇನೆ, ಕೊಡುತ್ತಾರೆ. ಪಿಕಪ್ ಬಾಡಿಗೆ ನಿಮ್ಮದು. ಶನಿವಾರ ಮಧ್ಯಾಹ್ನ ಇಬ್ಬರು ಹುಡುಗರನ್ನು ಕಳಿಸಿ, ಲೋಡ್ ಮಾಡಲು ನನ್ನ ಹತ್ತಿರ ಜನ ಇಲ್ಲ.

ಬೆಂಗಳೂರಲ್ಲಿ ಮೂಡುಬಿದಿರೆ:
ಪಿಕಪ್ ಬಾಡಿಗೆ ನನ್ನದು. ನಂಬರ್ ಮೆಸೇಜ್ ಮಾಡಿ. ಆ ಅಜ್ಜಿಯ ಮನೆಗೆ ಇಳಿಜಾರು ಮತ್ತು ಹಿಡಿ ಪೈಪಿಗೆ ಎಷ್ಟಾಗುತ್ತದೆ ಅಂತಲೂ ಹೇಳಿ.